ಎನ್ಸ್‌ಕೆಡೆಯ ಹೊಗೆಕೊಳವೆಗಳೂ ನಾನೂ

ಮನೆ ಬೆಚ್ಚಗಿಡುವ ಪೆಲೆಟ್ ಒಲೆಯ ಹೊಗೆಕೊಳವೆಯನ್ನು ನಾವೇ ಶುಚಿ ಮಾಡಿಕೊಳ್ಳಬಹುದೇ ಎಂದು ನನ್ನನ್ನು ಕೇಳದ ಕನ್ನಡಿಗರು ಈ ಊರಿನಲ್ಲಿ ಇಲ್ಲ. ಗಣೇಶನ ಹಬ್ಬಕ್ಕೆ ಸೇರಿದಾಗ ಕೋಸಂಬರಿ ಬಡಿಸಿಕೊಳ್ಳುತ್ತ ಕೇಳುತ್ತಾರೆ, ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲಿನ ಕಪಾಟಿನ ಮುಂದೆ ನಿಲ್ಲಿಸಿ ಕೇಳುತ್ತಾರೆ. ಮಾಡಿಕೊಳ್ಳಬಹುದು, ಧಾರಾಳವಾಗಿ ಮಾಡಿಕೊಳ್ಳಿ ಎಂದೇ ನನ್ನ ಉತ್ತರ. ಅದಕ್ಕೆ ನನ್ನ ಜೊತೆ ಕೆಲಸ ಮಾಡಿದ ಡಚ್ ಗೆಳೆಯರು ಮುಖ ಸಿಂಡರಿಸುತ್ತಾರೆ. ಎಲ್ಲರೂ ತಾವೇ ಮಾಡಿಕೊಂಡರೆ ನಮ್ಮ ಹೊಟ್ಟೆಪಾಡೇನು ಎಂಬ ಚಿಂತೆ ಅವರದು. ನನಗೆ ಆ ಚಿಂತೆ ಎಂದೂ ಕಾಡಲಿಲ್ಲ. ಒಮ್ಮೆ ತಾನೇ ಮಸಿ ತೆಗೆದು ನೋಡಿದವನು ಮುಂದಿನ ಸಲ ನನ್ನನ್ನು ಕರೆಯುವಾಗ ದನಿಯಲ್ಲಿ ಹೆಚ್ಚು ಮರ್ಯಾದೆ ಇರುತ್ತಿತ್ತು.

ನಾನು ಶಾಂತಾ, ಹುಬ್ಬಳ್ಳಿಯವಳು. ನಮ್ಮ ಮನೆಯವರಿಗೆ ಇಲ್ಲಿನ ವಿಶ್ವವಿದ್ಯಾಲಯದ ಯಂತ್ರಾಗಾರದಲ್ಲಿ ಕೆಲಸ ಸಿಕ್ಕಿದ್ದರಿಂದ ಅವರ ಹಿಂದೆ ನೆದರ್ಲೆಂಡ್ಸಿನ ಎನ್ಸ್‌ಕೆಡೆಗೆ ಬಂದೆ. ಬಂದ ಮೇಲೆ ಡಚ್ ಕಲಿತೆ, ಆಮೇಲೆ ಹೊಗೆಕೊಳವೆ ಶುಚಿ ಮಾಡುವ ಕೆಲಸ ಕಲಿತೆ. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಈಚೆಗೆ ನಮ್ಮವರೇ ಇಬ್ಬರು, ಒಬ್ಬಳು ಹುಡುಗಿ, ಒಬ್ಬ ಹುಡುಗ, ಇದೇ ಕೆಲಸಕ್ಕೆ ಸೇರಿದ್ದಾರೆಂದು ಗೊತ್ತಾಗಿ ಹಿಗ್ಗಿದೆ. ಕೆಲಸದ ವಿಧಾನವನ್ನು ಅವರಿಗೆ ಡಚ್‌ನಲ್ಲಿ ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಕನ್ನಡದಲ್ಲಿ ಹೇಳಬಲ್ಲವಳು ನಾನೊಬ್ಬಳೇ ಎಂಬ ಜಂಬದಿಂದ ಇದನ್ನು ಬರೆಯುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ಹೆರ್ಮನ್. ಈ ಸೀಮೆಯ ಜನ ಮಾತು ಕಮ್ಮಿ, ಅದರಲ್ಲೂ ಹೆರ್ಮನ್‌ರ ಬಾಯಿಂದ ಒಂದು ಪೂರ್ತಿ ವಾಕ್ಯ ಹೊರಡಿಸಲು ಹರಸಾಹಸ ಪಡಬೇಕಿತ್ತು. ನಾನು ಕೆಲಸ ಕೇಳಿಕೊಂಡು ಹೋದಾಗ ನನ್ನ ಸೀರೆ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಏಣಿಯನ್ನು ಗೋಡೆಗೆ ಒರಗಿಸಿ "ಹತ್ತು" ಎಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಇಳಿದ ಮೇಲೆ "ನಾಳೆ ಪ್ಯಾಂಟು ಹಾಕಿಕೊಂಡು ಬಾ" ಎಂದರು. ಅದೇ ನನ್ನ ಸಂದರ್ಶನ, ಅದೇ ನೇಮಕಾತಿ.

ಹೆರ್ಮನ್‌ರದು ಒಂದು ವಿಚಿತ್ರ ಪದ್ಧತಿ. ಯಾವ ಮನೆಗೆ ಹೋದರೂ ಬ್ರಷ್ಷು ಮುಟ್ಟುವ ಮೊದಲು ಅಡಿಗೆಮನೆಯ ಮೇಜಿನ ಮುಂದೆ ಕೂತು ಕಾಫಿ ಕುಡಿಯುತ್ತಿದ್ದರು. ಜೊತೆಗೆ ಒಂದೇ ಒಂದು ಬಿಸ್ಕತ್ತು. ಕುಡಿಯುತ್ತ "ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ?" ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಮಾತೇ ಆಡದ ಈ ಮನುಷ್ಯ ಊರವರ ಆರೋಗ್ಯ ವಿಚಾರಿಸುತ್ತ ಹೊತ್ತು ಕಳೆಯುವುದನ್ನು ಕಂಡು ನನಗೆ ಮೈ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ. ಅವರು ವ್ಯಾನು ಓಡಿಸುತ್ತಲೇ ಹೇಳಿದರು: "ಹೊಗೆ ಮೊದಲು ಮನೆಯವರ ಒಳಗೆ ಹೋಗುತ್ತದೆ, ಆಮೇಲೆ ಗೋಡೆಯ ಮೇಲೆ ಕಾಣುತ್ತದೆ. ತಲೆನೋವು ಯಾರಿಗಿದೆ ಅಂತ ಕೇಳು. ಒಲೆ ಆಮೇಲೆ ನೋಡು." ನಾನು ಅವರ ಬಾಯಿಂದ ಕೇಳಿದ ಅತಿ ಉದ್ದದ ಭಾಷಣ ಅದು. ಅಂದಿನಿಂದ ನಾನೂ ಕಾಫಿ ಕುಡಿಯತೊಡಗಿದೆ. ಅವರ ಕಾಫಿ ನೀರುನೀರಾಗಿದ್ದರೂ ಕುಡಿದೆ.

ಹುಬ್ಬಳ್ಳಿಯಲ್ಲಿ ನಮ್ಮವ್ವನಿಗೆ ನನ್ನ ಕೆಲಸ ನುಂಗಲಾರದ ತುತ್ತಾಗಿತ್ತು. "ಮಂದಿ ಕೇಳ್ತಾರವಾ, ನಿನ್ನ ಮಗಳು ಫಾರಿನ್ನಿನ್ಯಾಗ ಏನ್ ಕೆಲಸ ಮಾಡ್ತಾಳ ಅಂತ. ಮಸಿ ಬಳೀತಾಳ ಅನ್ಲೇನ್?" ಎಂದು ಫೋನಿನಲ್ಲಿ ಗೋಳಾಡುತ್ತಿದ್ದಳು. "ಬಳಿಯಂಗಿಲ್ಲವಾ, ತಗೀತಾಳ ಅನ್ನು" ಎನ್ನುತ್ತಿದ್ದೆ. ಅವ್ವ ನಗುತ್ತಿರಲಿಲ್ಲ. ಗಡಿಯಾಚೆ ಜರ್ಮನಿಯ ಹಳ್ಳಿಯೊಂದಕ್ಕೆ ಕೆಲಸಕ್ಕೆ ಹೋದಾಗ ಮಾತ್ರ ಬೇರೆಯೇ ಅನುಭವವಾಯಿತು. ಅಲ್ಲಿ ಚಿಮಣಿಯವರು ಎದುರಾದರೆ, ಅವರ ಅಂಗಿಯ ಗುಂಡಿ ಮುಟ್ಟಿದರೆ ಶುಭವಂತೆ. ಮುದುಕಿಯೊಬ್ಬಳು ರಸ್ತೆ ದಾಟಿ ಬಂದು ನನ್ನ ಗುಂಡಿ ಮುಟ್ಟಿಕೊಂಡು ಹೋದಳು. ಅವ್ವ ಅದನ್ನು ನೋಡಬೇಕಿತ್ತು ಎಂದು ಆ ದಿನವಿಡೀ ಅನ್ನಿಸುತ್ತಿತ್ತು.

ಮೊದಮೊದಲು ನಮ್ಮದು ಕಟ್ಟಿಗೆ ಉರಿಸುವ ಇಟ್ಟಿಗೆಯ ಚಿಮಣಿಗಳ ಕೆಲಸ. ಛಾವಣಿ ಹತ್ತಿ, ಹಗ್ಗಕ್ಕೆ ಕಬ್ಬಿಣದ ಗುಂಡು ಕಟ್ಟಿ, ಬ್ರಷ್ಷು ಇಳಿಬಿಡುವುದು. ಪೆಲೆಟ್ ಒಲೆಗಳು ಬಂದ ಮೇಲೆ ಎಲ್ಲ ತಲೆಕೆಳಗಾಯಿತು. ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಸಣ್ಣ ತುಂಡುಗಳನ್ನು ಒಲೆ ತಾನೇ ಒಳಗೆ ಎಳೆದುಕೊಂಡು ಉರಿಸುತ್ತದೆ. ಕೊಳವೆ ನನ್ನ ತೋಳಿನಷ್ಟೇ ದಪ್ಪ. ಒಳಗಿರುವ ಪುಟ್ಟ ಫ್ಯಾನು ಹೊಗೆಯನ್ನು ಆ ಕೊಳವೆಯಿಂದ ಹೊರಕ್ಕೆ ನೂಕುತ್ತದೆ. ನಮ್ಮ ಊದುಗೊಳವೆಯ ಕೆಲಸವನ್ನು ಕರೆಂಟು ಮಾಡುತ್ತದೆ ಎಂದುಕೊಳ್ಳಿ. ಹೆರ್ಮನ್ ಇದನ್ನು ಒಲೆ ಎಂದು ಒಪ್ಪಲೇ ಇಲ್ಲ, ಸಾಯುವವರೆಗೂ "ಆ ಕಾಫಿ ಮೆಷೀನು" ಎಂದೇ ಕರೆದರು. ನನಗೆ ಮಾತ್ರ ಅದು ಒಗ್ಗಿತು. ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುವ ಬ್ರಷ್ಷು ಬಂತು, ಕೊಳವೆಯೊಳಗೆ ಬಿಡುವ ಕ್ಯಾಮರಾ ಬಂತು. ಕ್ಯಾಮರಾ ಹಿಡಿಯುವುದನ್ನು ನಾನೇ ಹೆರ್ಮನ್‌ರಿಗೆ ಕಲಿಸಿದೆ. ಅವರು ಪರದೆಯನ್ನು ದಿಟ್ಟಿಸಿ ನೋಡಿ, ಆಮೇಲೂ ಬೆರಳು ಹಾಕಿ ಮಸಿ ತೆಗೆದು ಮೂಸಿಯೇ ನೋಡಿದರು.

ಜನ ತಾವೇ ಶುಚಿ ಮಾಡಿಕೊಳ್ಳಲು ಹೋಗಿ ಮಾಡಿಕೊಂಡ ಅವಾಂತರಗಳನ್ನು ಬರೆದರೆ ಒಂದು ಪುಸ್ತಕವಾದೀತು. ಒಬ್ಬ ಮೇಷ್ಟ್ರು ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರಿನಿಂದಲೇ ಬೂದಿ ಎಳೆದರು. ಬೂದಿಯಲ್ಲಿ ಒಂದು ಕೆಂಡ ಮಲಗಿತ್ತು. ಕ್ಲೀನರನ್ನು ಕೋಟುಗಳ ಕಪಾಟಿನಲ್ಲಿ ಇಟ್ಟರು, ಸಂಜೆಗೆ ಕೋಟುಗಳಿಗೆಲ್ಲ ಹೊಗೆಯಾಡಿತು. ಇನ್ನೊಬ್ಬಾಕೆ ಮೇಲಿನಿಂದ ಬ್ರಷ್ಷು ತಳ್ಳಿದ್ದೇ ತಳ್ಳಿದ್ದು, ಕೆಳಗಿನ ಮುಚ್ಚಳ ತೆಗೆಯುವುದೇ ಗೊತ್ತಿರಲಿಲ್ಲ. ಮಸಿಯೆಲ್ಲ ಕೆಳಗಿನ ತಿರುವಿನಲ್ಲಿ ಇಡ್ಲಿ ಹಿಟ್ಟಿನ ಹಾಗೆ ಗಟ್ಟಿಯಾಗಿ ಕೂತು, ಒಲೆ ಹತ್ತುವುದನ್ನೇ ಬಿಟ್ಟಿತು. ನಾನು ಮುಚ್ಚಳ ಬಿಚ್ಚಿದಾಗ ಅಷ್ಟೂ ಮಸಿ ನನ್ನ ಮಡಿಲಿಗೇ ಬಿತ್ತು. ಆಕೆಯ ಬಿಳಿ ಬೆಕ್ಕು ಅದರ ಮೇಲೆ ಹಾದು ಸೋಫಾ ಏರಿತು.

ಆದ್ದರಿಂದ ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದುದು ಇಷ್ಟು. ಒಲೆ ಪೂರ್ತಿ ತಣ್ಣಗಾಗಲಿ, ಪ್ಲಗ್ ಕಿತ್ತು ಇಡಿ. ನೆಲಕ್ಕೆ ಹಳೆಯ ಬೆಡ್‌ಶೀಟು ಹಾಸಿ. ಕೊಳವೆಯ ಬುಡದ ಮುಚ್ಚಳದ ಕೆಳಗೆ ಚೀಲ ಹಿಡಿದು ನಿಧಾನವಾಗಿ ಬಿಚ್ಚಿ. ಕೊಳವೆಯ ಅಳತೆಗೆ ಸರಿಯಾದ ಪ್ಲಾಸ್ಟಿಕ್ ಬ್ರಷ್ಷಿರಲಿ, ಮೊಳಮೊಳವಾಗಿ ತಳ್ಳಿ, ತಿರುಗಿಸಿ, ಎಳೆಯಿರಿ. ಬೂದಿಗೆಂದೇ ಮಾಡಿದ ತಗಡಿನ ಕ್ಲೀನರಿನಿಂದ ಎಳೆದುಕೊಳ್ಳಿ. ಮುಚ್ಚಳವನ್ನು ಒರೆಸಿ, ಅದರ ರಬ್ಬರು ಉಂಗುರವನ್ನು ಮರೆಯದೆ ಕೂರಿಸಿ ಮುಚ್ಚಿ. ವರ್ಷಕ್ಕೊಮ್ಮೆ ಕಸುಬಿನವರಿಗೆ ತೋರಿಸಿ. ಇಷ್ಟನ್ನು ಕೈಬೆರಳು ಮಡಿಚುತ್ತ ಹೇಳುತ್ತಿದ್ದೆ. ಉಂಗುರದ ಮಾತು ಬಂದಾಗ ಜನರ ಕಣ್ಣು ಪಾಯಸದ ಕಡೆ ಹೊರಳಿರುತ್ತಿತ್ತು.

ಕೆಲಸದ ಕೊನೆಯ ಚಳಿಗಾಲದಲ್ಲಿ ನಡೆದದ್ದನ್ನು ಹೇಳಲೆಂದೇ ನಾನು ಈ ಬರಹಕ್ಕೆ ಕೂತದ್ದು.

ಕಾರ್ತಿಕ್ ಮತ್ತು ರಚನಾ ಮೈಸೂರಿನ ಗಂಡ ಹೆಂಡಿರು, ಇಬ್ಬರೂ ಸಾಫ್ಟ್‌ವೇರಿನವರು. ಒಂದೇ ಸಾಲಿನಲ್ಲಿ ಅಂಟಿಕೊಂಡ ಮನೆಗಳ ಪೈಕಿ ಒಂದನ್ನು ಕೊಂಡಿದ್ದರು, ಅದರ ಹಜಾರದಲ್ಲಿ ಪೆಲೆಟ್ ಒಲೆ ಇತ್ತು. ರಚನಾಗೆ ಹೆಣ್ಣುಮಗು ಹುಟ್ಟಿತು. ಬಾಣಂತನಕ್ಕೆ ಅವಳ ತಾಯಿ ಸುಶೀಲಮ್ಮ ಮೈಸೂರಿನಿಂದ ಬಂದರು. ಈ ದೇಶದಲ್ಲಿ ಹೆರಿಗೆಯಾದ ಮನೆಗೆ ಒಂದು ವಾರ ದಾದಿ ಬರುತ್ತಾಳೆ. ಆ ದಾದಿ ಬಂದಾಗಲೆಲ್ಲ ಕಿಟಕಿ ತೆಗೆಯುವಳು, ಸುಶೀಲಮ್ಮ ಮುಚ್ಚುವರು. ದಾದಿಯ ವಾರ ಮುಗಿದದ್ದೇ ತಡ, ಬಾಣಂತಿಯ ಮಂಚ ಒಲೆಯಿದ್ದ ಹಜಾರಕ್ಕೆ ಇಳಿಯಿತು, ಕಿಟಕಿಗಳೆಲ್ಲ ಭದ್ರವಾದವು. ಒಲೆಯ ಹಿಂದೆ ಗೋಡೆಯಲ್ಲಿ ಒಂದು ತೂತು, ಅಲ್ಲಿಂದ ತಣ್ಣನೆ ಗಾಳಿ ಬರುತ್ತಿರುವುದನ್ನೂ ಆಕೆ ಕಂಡುಹಿಡಿದರು. ತಮ್ಮದೊಂದು ಹಳೆಯ ಹತ್ತಿಸೀರೆಯ ತುಂಡನ್ನು ಸುತ್ತಿ ಅದಕ್ಕೆ ತುರುಕಿದರು. ಒಲೆ ಉಸಿರಾಡುತ್ತಿದ್ದುದು ಆ ತೂತಿನಿಂದಲೇ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಇದ್ಯಾವುದೂ ನನಗಾಗ ಗೊತ್ತಿಲ್ಲ. ಒಂದು ಮಧ್ಯಾಹ್ನ ಕಾರ್ತಿಕ್ ಫೋನ್ ಮಾಡಿದ.

"ಆಂಟಿ, ನೀವು ಹಬ್ಬದಲ್ಲಿ ಹೇಳಿದ್ರಲ್ಲ, ಹಾಗೇ ನಿನ್ನೆ ಪೈಪ್ ಕ್ಲೀನ್ ಮಾಡ್ಬಿಟ್ಟೆ. ಫುಲ್ ಶೈನಿಂಗ್! ಫೋಟೋ ಕಳಿಸ್ಲಾ?"

"ಕಳಸಪಾ, ಭಾಳ ಚಲೋ ಆತು. ಮನ್ಯಾಗ ಎಲ್ಲಾರೂ ಹೆಂಗದೀರಿ?" ಎಂದೆ. ಹೆರ್ಮನ್ ಕಲಿಸಿದ ಪ್ರಶ್ನೆ, ಬಾಯಿಗೆ ತಾನಾಗಿಯೇ ಬಂತು.

"ಎಲ್ಲಾ ಓಕೆ ಆಂಟಿ. ರಚನಾಗೆ ಬೆಳಗ್ಗೆಯಿಂದ ತಲೆನೋವು, ನಿದ್ದೆ ಇಲ್ವಲ್ಲ ಪಾಪ. ಅತ್ತೆಗೂ ತಲೆ ಸುತ್ತತ್ತಂತೆ, ವಾಂತಿ ಬರೋ ಹಾಗಿದೆ ಅಂತಿದ್ರು. ಈ ಚಳಿ ಅವ್ರಿಗೆ ಆಗ್ತಿಲ್ಲ."

"ನಿನಗ?"

"ನಾನು ಆರಾಮ್. ಮೇಲ್ಗಡೆ ರೂಮಲ್ಲಿ ವರ್ಕ್ ಫ್ರಮ್ ಹೋಮ್."

ಕೆಳಗಿರುವ ಇಬ್ಬರಿಗೂ ತಲೆನೋವು, ಮೇಲಿರುವವನು ಆರಾಮ. ನಾನು ಕೂತಲ್ಲಿಂದ ಎದ್ದು ನಿಂತೆ.

"ಕೂಸು ಹೆಂಗೈತಿ?"

"ಮಗು ಇವತ್ತು ತುಂಬಾ ಗುಡ್ ಗರ್ಲ್ ಆಂಟಿ. ಅಳೋದೇ ಇಲ್ಲ, ಬರೀ ನಿದ್ದೆ."

ಇಷ್ಟು ವರ್ಷಗಳ ಕೆಲಸದಲ್ಲಿ ಅಷ್ಟು ಹೆದರಿಕೆ ನನಗೆ ಎಂದೂ ಆಗಿಲ್ಲ, ಛಾವಣಿಯಿಂದ ಏಣಿ ಜಾರಿದಾಗಲೂ ಆಗಿಲ್ಲ. ವಿಷಗಾಳಿಗೆ ಕೂಗುವ ಅಲಾರಂ ಎಲ್ಲಿದೆ ಎಂದು ಕೇಳಿದೆ.

"ಅತ್ತೆ ಸಾಂಬ್ರಾಣಿಗೆ ಇದ್ದಿಲು ಹಚ್ಚಿದಾಗೆಲ್ಲ ಕೂಗ್ತಿತ್ತು ಆಂಟಿ. ಮಗು ಬೆಚ್ಚಿಬೀಳತ್ತೆ ಅಂತ ಬ್ಯಾಟರಿ ತೆಗೆದು ಡ್ರಾಯರಲ್ಲಿ ಇಟ್ಟಿದೀನಿ."

"ಕಾರ್ತಿಕ್, ನಾ ಹೇಳೂದು ಕೇಳು. ಒಲಿ ಬಂದ್ ಮಾಡು. ಮೂರೂ ಮಂದೀನ್ನ ಮನಿ ಹೊರಗ ಕರಕೊಂಡ್ ಹೋಗು. ಹೊರಗ ಹೋಗಿ 112ಕ್ಕ ಫೋನ್ ಹಚ್ಚು. ಈಗಿಂದೀಗ."

"ಹೊರಗಾ? ಈಗಷ್ಟೇ ನೀರು ಹಾಕಿ ಮಲಗಿಸಿದಾರೆ ಆಂಟಿ. ಅತ್ತೆ ಬಿಡಲ್ಲ. ಕಿಟಕಿ ತೆಗೆಯೋಕೂ ಬಿಡಲ್ಲ."

ಹುಡುಗ ದಡ್ಡನಲ್ಲ. ಆದರೆ ಅಷ್ಟು ದೂರದಿಂದ ಬಂದು ಮಗಳ ಬಾಣಂತನ ಮಾಡುತ್ತಿರುವ ಅತ್ತೆಯ ಮಾತು ಮೀರುವ ಅಳಿಯ ನಮ್ಮಲ್ಲಿ ಯಾರಿದ್ದಾರೆ? ಓಡಿ ಕೆಳಗಿಳಿದು ಫೋನನ್ನು ಅವರ ಕೈಗೆ ಕೊಡು ಎಂದೆ.

"ಏನ್ರೀ ಇದು, ಹಸೀ ಬಾಣಂತೀನ ಈ ಗಾಳೀಲಿ ಹೊರಗೆ ಕರ್ಕೊಂಡು ಹೋಗೋದಾ?" ಎಂದರು ಸುಶೀಲಮ್ಮ. ದನಿ ತೊದಲುತ್ತಿತ್ತು. "ಸನ್ನಿ ಹಿಡಿದ್ರೆ ಏನ್ರೀ ಗತಿ?"

ಕಾರ್ಬನ್ ಮೊನಾಕ್ಸೈಡ್ ಎಂದು ಪಾಠ ಶುರು ಮಾಡಿದ್ದರೆ ಆಕೆ ಫೋನು ಇಟ್ಟುಬಿಡುತ್ತಿದ್ದರು. ನನಗೆ ನಮ್ಮ ಮನೆಯ ಬಚ್ಚಲ ಒಲೆ ನೆನಪಾಯಿತು.

"ಅಮ್ಮಾರ, ಬಚ್ಚಲ ಒಲಿಗೆ ಹಸಿ ಕಟಗಿ ಹಾಕಿ, ಬಾಗಲಾ ಹಾಕ್ಕೊಂಡು ಒಳಗ ಕುಂತ್ರ ಏನಾಗ್ತೈತ್ರಿ?"

"ಉಸಿರು ಕಟ್ಟತ್ತೆ. ಅದಕ್ಕೂ ಇದಕ್ಕೂ ಏನು..."

"ಅದ ಹೊಗಿರೀ ನಿಮ್ಮ ಖೋಲ್ಯಾಗ ತುಂಬಿದ್ದು. ಈ ಒಲಿ ಹೊಗಿ ಕಣ್ಣಿಗೆ ಕಾಣಂಗಿಲ್ಲ, ವಾಸನಿ ಬರಂಗಿಲ್ಲ. ನಿಮ್ಮ ತಲಿ ಸುತ್ತಾಕತ್ತಿದ್ದು ಅದಕ್ಕರೀ. ಕೂಸು ಅಳವಲ್ದಂತಲ್ರೀ, ಅದೂ ಅದಕ್ಕರೀ. ಬಾಣಂತಿ ತಲಿ, ಕಿವಿ, ಕಾಲು ಎಲ್ಲಾ ಸುತ್ತಿ, ಬಾಜೂ ಮನಿಗೆ ಕರಕೊಂಡ್ ಹೋಗ್ರಿ. ಅಲ್ಲಿ ಬೆಚ್ಚಗೈತಿ, ಗಾಳಿ ಬಡಿಯಂಗಿಲ್ಲ. ನಾ ನಿಮ್ಮ ಮಗಳ ಬಾಣಂತನಾ ಕೆಡಸಾಕ ಹೇಳಾಕತ್ತಿಲ್ರೀ ಅವ್ವಾರ."

ಆಕೆ ಕೂಗಿದ್ದು ಕೇಳಿಸಿತು: "ಕಾರ್ತಿಕ್ ಅವರೇ, ಮಗೂನ ಎತ್ಕೊಳ್ಳಿ! ಮೊದಲು ಮಗೂನ ಎತ್ಕೊಳ್ಳಿ!"

ನಾನು ವ್ಯಾನು ಹತ್ತಿದೆ. ಹೇಗೆ ಓಡಿಸಿದೆನೋ ಕಾಣೆ. ಹೋಗಿ ನೋಡಿದರೆ ಪಕ್ಕದ ಮನೆಯ ಡಚ್ ಅಜ್ಜಿ ಬಾಗಿಲು ಪೂರಾ ತೆರೆದು ನಿಂತಿದ್ದಾಳೆ. ಒಳಗೆ ಅವಳ ಆರಾಮಕುರ್ಚಿಯಲ್ಲಿ ತಲೆಯಿಂದ ಪಾದದವರೆಗೆ ಕಂಬಳಿ ಸುತ್ತಿಕೊಂಡ ರಚನಾ, ನೆಲದ ಮೇಲೆ ಸುಶೀಲಮ್ಮ. ಆಂಬ್ಯುಲೆನ್ಸಿನವರು ಮಗುವಿನ ಮೂಗಿಗೆ ಆಮ್ಲಜನಕ ಹಿಡಿದಿದ್ದಾರೆ. ಅಗ್ನಿಶಾಮಕ ದಳದವನು ವಿಷಗಾಳಿ ಅಳೆಯುವ ಮೀಟರು ಹಿಡಿದು ಕಾರ್ತಿಕ್‌ನ ಹಜಾರದೊಳಕ್ಕೆ ಕಾಲಿಟ್ಟವನೇ ಅದು ಕಿರುಚಿದ್ದಕ್ಕೆ ಹಿಂದೆ ಸರಿದ. ಮೂವರನ್ನೂ ಆಸ್ಪತ್ರೆಗೆ ಕರೆದೊಯ್ದರು. ಮರುದಿನ ಯಾವ ತೊಂದರೆಯೂ ಇಲ್ಲವೆಂದು ಹೇಳಿ ಮನೆಗೆ ಕಳಿಸಿದರು. ಇನ್ನು ಸ್ವಲ್ಪ ಹೊತ್ತು ತಡವಾಗಿದ್ದರೆ ಮಗುವಿನ ಮಟ್ಟಿಗೆ ಆ ಮಾತು ಹೇಳಲಾಗುತ್ತಿರಲಿಲ್ಲ ಎಂದು ಡಾಕ್ಟರು ಕಾರ್ತಿಕ್‌ಗೆ ಒಬ್ಬನಿಗೇ ಹೇಳಿದ್ದರು. ಅವನು ನನಗೆ ಹೇಳಿ ಅತ್ತ.

ಅವರು ಮನೆಗೆ ಬಂದ ದಿನ ನಾನು ಒಲೆ ಬಿಚ್ಚಿದೆ. ಕ್ಯಾಮರಾ ಬಿಟ್ಟು ನೋಡಿದರೆ ಹುಡುಗ ಕೊಳವೆಯನ್ನು ಕನ್ನಡಿಯ ಹಾಗೆ ಉಜ್ಜಿದ್ದ, ನಾನೂ ಅಷ್ಟು ಚೆನ್ನಾಗಿ ಉಜ್ಜುತ್ತಿದ್ದೆನೋ ಇಲ್ಲವೋ. ಗೋಡೆಯ ತೂತಿನಿಂದ ಸೀರೆಯ ತುಂಡು ಹೊರಬಂತು. ಗಾಳಿ ಸಾಲದೆ ಉರಿ ಕೆಟ್ಟು ವಿಷ ಹುಟ್ಟಿದ್ದು ಅದರಿಂದ. ಆದರೂ ಆ ವಿಷ ಕೊಳವೆಯಿಂದ ಹೊರಗೆ ಹೋಗಬೇಕಿತ್ತಲ್ಲ, ಹಜಾರಕ್ಕೆ ಹೇಗೆ ಬಂತು? ಬುಡದ ಮುಚ್ಚಳ ಬಿಚ್ಚಿದೆ. ಅದರಲ್ಲಿ ಉಂಗುರವೇ ಇರಲಿಲ್ಲ. ಫ್ಯಾನು ನೂಕಿದ ಹೊಗೆ ಆ ಸಂದಿಯಿಂದ ಬಾಣಂತಿಯ ಮಂಚದ ಬುಡಕ್ಕೇ ಬರುತ್ತಿತ್ತು.

"ಉಂಗುರ ಎಲ್ಲಿಟ್ಟಿ?" ಎಂದೆ.

ಕಾರ್ತಿಕ್ ಬಿಳಿಚಿಕೊಂಡ. "ಮುಚ್ಚಳ, ರಿಂಗು ಎರಡೂ ಸಿಂಕಲ್ಲಿ ತೊಳೆದು ಒಣಗೋಕಿಟ್ಟಿದ್ದೆ ಆಂಟಿ. ಆಮೇಲೆ ಬಂದಾಗ ಮುಚ್ಚಳ ಮಾತ್ರ ಇತ್ತು. ಅಷ್ಟರಲ್ಲಿ ಮೀಟಿಂಗ್ ಶುರುವಾಯ್ತು, ರಿಂಗು ಮರೆತೇಬಿಟ್ಟೆ."

ಸುಶೀಲಮ್ಮ ಎದ್ದು ಅಡಿಗೆಮನೆಗೆ ಹೋದರು. ಬರುವಾಗ ಕೈಯಲ್ಲೊಂದು ಸ್ಟೀಲಿನ ಟಿಫನ್ ಡಬ್ಬಿ ಇತ್ತು, ಅದರ ತುಂಬ ಬಾಣಂತಿಗೆಂದು ಮೈಸೂರಿನಿಂದ ತಂದ ಮೆಣಸಿನ ಪುಡಿ. ಮುಚ್ಚಳ ಎತ್ತಿದರು. ಅದರ ಅಂಚಿಗೆ ನಮ್ಮ ಒಲೆಯ ಕಪ್ಪು ಉಂಗುರ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು.

"ಡಬ್ಬಿ ಮುಚ್ಚಳ ಸಡಿಲ ಇತ್ತು ಕಣ್ರೀ. ಸಿಂಕ್ ಹತ್ರ ತೊಳೆದಿಟ್ಟ ರಬ್ಬರು ಸಿಕ್ತು, ಟಿಫನ್ ಡಬ್ಬೀದೇ ಅಂದ್ಕೊಂಡೆ," ಎಂದು ಅಲ್ಲೇ ಕುಸಿದು ಕೂತರು. "ನನ್ನ ಕೈಯಾರೆ ನನ್ನ ಮಗಳಿಗೆ, ಮೊಮ್ಮಗಳಿಗೆ..."

ನಾನು ಪಕ್ಕದಲ್ಲಿ ಕೂತೆ. "ಅಮ್ಮಾರ, ಸಿಂಕಿನ ದಂಡ್ಯಾಗ ತೊಳದಿಟ್ಟ ರಬ್ಬರು ಸಿಕ್ಕರ ಹುಬ್ಬಳ್ಳ್ಯಾಗ ನಮ್ಮವ್ವನೂ ಡಬ್ಬಿಗೇ ಹಾಕ್ತಿದ್ಲು. ನಾನೂ ಹಾಕ್ತಿದ್ದೆ. ಒಂದ್ ಮಾತ್ ಹೇಳ್ತೀನಿ. ನೀವ್ ನಿನ್ನೆ ನನ್ನ ಮಾತ್ ಕೇಳಿ ಎದ್ರಲ್ಲ, ಅದಕ್ಕ ಕೂಸು ಉಳೀತು." ಸಮಾಧಾನಕ್ಕೆ ಹೇಳಿದ ಮಾತಲ್ಲ. ಬಾಣಂತಿಯ ಕೋಣೆಯ ಬಾಗಿಲು ತೆರೆಯುವುದು ಆಕೆಯ ಕೈಯಲ್ಲಿತ್ತು, ಆಕೆ ತೆರೆದರು.

ಹೊಸ ಉಂಗುರ ಹಾಕಿದೆ. ಗೋಡೆಯ ತೂತಿಗೆ ಜಾಲರಿ ಕೂರಿಸಿ, ಅಲ್ಲಿಂದ ಬರುವ ಗಾಳಿ ಒಲೆಗೇ ನೇರ ಹೋಗುವಂತೆ ಕೊಳವೆ ಜೋಡಿಸಿದೆ. ಸುಶೀಲಮ್ಮನವರಿಗೂ ಒಪ್ಪಿಗೆಯಾಗುವ ಹಾಗೆ ಮೇಲಿನ ಸಣ್ಣ ಕಿಟಕಿಯನ್ನು ತೆರೆಸಿ, ಮಂಚಕ್ಕೆ ಪರದೆ ಕಟ್ಟಿಸಿದೆ. ಸಾಂಬ್ರಾಣಿಯ ಇದ್ದಿಲನ್ನು ಅಂಗಳಕ್ಕೆ ದಾಟಿಸಿದೆ. ಅಲಾರಂ ಗೋಡೆಗೆ ಏರಿತು. ಬಾಣಂತನ ಅದೇ ಒಲೆಯ ಮುಂದೆ, ಅದೇ ಕೋಣೆಯಲ್ಲಿ ಸಾಂಗವಾಗಿ ಮುಗಿಯಿತು. ಹೊಸಬರೇ, ನೆನಪಿಡಿ: ಜನರ ಪದ್ಧತಿಯನ್ನು ಕಿತ್ತುಹಾಕಿ ಬರುವುದು ನಮ್ಮ ಕೆಲಸವಲ್ಲ. ಆ ಪದ್ಧತಿಯ ಒಳಗೇ ಹೊಗೆಗೊಂದು ದಾರಿ ಮಾಡಿಕೊಟ್ಟು ಬನ್ನಿ.

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನನಗೂ ಕರೆ ಬಂತು. ಒಂದು ಮಾತು ಹೇಳಲೇಬೇಕು. ಕೆಲಸದ ಬಗ್ಗೆ ಇಷ್ಟೆಲ್ಲ ಕೊಚ್ಚಿಕೊಳ್ಳುವ ನಾನು ಶುಭಕಾರ್ಯಗಳಲ್ಲಿ ಮಾತ್ರ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಏನೇ ತಿಕ್ಕಿ ತೊಳೆದರೂ ಉಗುರಿನ ಸಂದಿಯ, ಬೆರಳ ಗೆರೆಗಳ ಮಸಿ ಹೋಗುವುದಿಲ್ಲ. ಅರಿಶಿನ ಕುಂಕುಮ ಕೊಡುವಾಗ ಹೆಂಗಸರು ಆ ಕೈಯನ್ನು ಒಂದು ಕ್ಷಣ ಹೆಚ್ಚು ನೋಡುತ್ತಿದ್ದರು. ಆ ದಿನವೂ ಹಿಂದಿನ ಸಾಲಿನಲ್ಲೇ ಕೂತಿದ್ದೆ.

ಸುಶೀಲಮ್ಮ ಕಾಡಿಗೆಯ ಬಟ್ಟಲು ಹಿಡಿದು ನೇರ ನನ್ನ ಬಳಿಗೆ ಬಂದರು. ತುಪ್ಪದ ದೀಪ ಹಚ್ಚಿ ತಾವೇ ಹಿಡಿದ ಕಾಡಿಗೆ.

"ಶಾಂತಾ ಅವರೇ, ಮಗೂಗೆ ದೃಷ್ಟಿಬೊಟ್ಟು ನೀವಿಡಿ."

"ಅಯ್ಯ, ಅಜ್ಜಿ ನೀವಿದ್ದೀರಿ. ನನ್ನ ಕೈ ನೋಡ್ರಿಲ್ಲೆ, ಹೆಂಗೈತಿ," ಎಂದೆ.

"ನೋಡೇ ಕೇಳ್ತಿರೋದು," ಎಂದರು. ಎಲ್ಲರೂ ಕೇಳಲೆಂದೇ ದನಿ ಏರಿಸಿದ್ದರು. "ಮಸಿ ನನ್ನ ಮೊಮ್ಮಗಳನ್ನ ಕಾಯ್ಬೇಕು ಅಂದ್ರೆ ಅದು ಈ ಕೈಯಿಂದಲೇ ಆಗ್ಬೇಕು."

ಸೆರಗಿನಿಂದ ಕೈ ತೆಗೆದೆ. ಕಾಡಿಗೆಗೆ ಬೆರಳು ಅದ್ದಿ ಆ ಪುಟ್ಟ ಕೆನ್ನೆಯ ಮೇಲೆ ಬೊಟ್ಟಿಟ್ಟೆ. ಮಗುವಿಗೆ ಸಿಟ್ಟು ಬಂತು. ಮುಖ ಕೆಂಪಗೆ ಮಾಡಿಕೊಂಡು, ಮುಷ್ಟಿ ಕಟ್ಟಿ, ಸಾಲುಮನೆಗಳಿಗೆಲ್ಲ ಕೇಳುವಂತೆ ಕಿರುಚಿ ಅತ್ತಿತು. ರಚನಾ ಸಮಾಧಾನ ಮಾಡಲು ಬಂದರೆ ಸುಶೀಲಮ್ಮ ಕೈ ಹಿಡಿದು ತಡೆದರು. "ಅಳಲಿ ಬಿಡು," ಎಂದರು, "ಚೆನ್ನಾಗಿ ಅಳಲಿ." ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು.

ಯಾರೋ ಬೆರಳು ಒರೆಸಿಕೊಳ್ಳಲು ಬಟ್ಟೆ ತಂದುಕೊಟ್ಟರು. ನಾನು ಒರೆಸಿಕೊಳ್ಳಲಿಲ್ಲ.